ಟೀಚರ್ ಜತೆ ಆಯಾಗೂ ತರಬೇತಿ: ನಾವು ಮಾಡಿದ ರೀತಿ, ತಗುಲಿದ ಖರ್ಚು

ಪುಟ್ಟ ಮಕ್ಕಳ ಟೀಚರ್‌ಗಳಿಗೆ ತರಬೇತಿ ಕೊಡುವವರಿಗೆಲ್ಲ ಹಳೇ ಪದ್ಧತಿ ಗೊತ್ತೇ ಇದೆ. ಬಾಡಿಗೆ ಹಾಲ್, ಎರಡು ದಿನ, ನಲವತ್ತು ಜನ, ಮಧ್ಯಾಹ್ನ ಊಟ, ಒಂದು ಬ್ಯಾಗು, ಕೊನೆಗೆ ಸರ್ಟಿಫಿಕೇಟು. ವಿಶೇಷ ಅಗತ್ಯದ ಮಕ್ಕಳನ್ನು ತರಗತಿಯಲ್ಲಿ ಜತೆಗಿಟ್ಟುಕೊಳ್ಳುವ ವಿಷಯವನ್ನೂ ಬೆಂಗಳೂರಿನಲ್ಲಿ ನಾವು ಹೀಗೇ ಕಲಿಸುತ್ತಿದ್ದೆವು. ಒಂದು ಸಲಕ್ಕೆ 65 ಸಾವಿರದ ಆಸುಪಾಸು ಬೀಳುತ್ತಿತ್ತು. ಮೂರು ತಿಂಗಳ ಮೇಲೆ ಆ ಟೀಚರ್‌ಗಳ ಇಪ್ಪತ್ತು ಸೆಂಟರ್‌ಗಳಿಗೆ ಹೋಗಿ ನೋಡಿದರೆ, ಕಲಿತದ್ದು ಬಳಕೆಯಲ್ಲಿದ್ದದ್ದು ಎರಡರಲ್ಲೋ ಮೂರರಲ್ಲೋ. ಉಳಿದ ಕಡೆ ಗೋಡೆ ಮೇಲೆ ಚಾರ್ಟು, ಮೂಲೆಯಲ್ಲಿ ಆಯಾ ಪಕ್ಕ ಆ ಮಗು.

ಲೆಕ್ಕವನ್ನು ಆ ಮೂಲೆಯಿಂದಲೇ ಶುರು ಮಾಡಬೇಕಿತ್ತು. ಟಾಯ್ಲೆಟ್‌ಗೆ ಕರೆದೊಯ್ಯುವುದು, ಊಟ ಮಾಡಿಸುವುದು, ಅಳು ನಿಲ್ಲಿಸುವುದು, ಗೇಟಿನಲ್ಲಿ ಅಮ್ಮನ ಕೈಗೊಪ್ಪಿಸುವುದು ಎಲ್ಲ ಆಯಾ, ಅಂಗನವಾಡಿಯಾದರೆ ಸಹಾಯಕಿ. ತರಬೇತಿಗೆ ಬರುತ್ತಿದ್ದದ್ದು ಮಾತ್ರ ಟೀಚರ್. ‘ಅವರಿಗೇನು ಅರ್ಥ ಆಗುತ್ತೆ ಮೇಡಂ, ಸುಮ್ನೆ ದುಡ್ಡು ದಂಡ’ ಅಂದವರೇ ಜಾಸ್ತಿ. ಹಾಗಂದವರಲ್ಲಿ ಇಬ್ಬರು ಈ ವರ್ಷ, ಮಗುವನ್ನು ಗಮನಿಸಿ ಬರೆಯುವ ನಮ್ಮ ಚೀಟಿಯ ನಕಲು ಕೇಳಿ ಪಡೆದಿದ್ದಾರೆ.

ಈಗಿನ ಕ್ರಮ ಹೀಗಿದೆ. ಒಂದು ಗುಂಪಿಗೆ ಎಂಟೇ ಸೆಂಟರ್. ಪ್ರತಿ ಸೆಂಟರ್‌ನಿಂದ ಒಬ್ಬ ಟೀಚರ್, ಒಬ್ಬ ಆಯಾ, ಇಬ್ಬರೂ ಬರಲೇಬೇಕು. ಒಬ್ಬರೇ ಬಂದರೆ ಆ ದಿನ ಹಾಜರಿ ಇಲ್ಲ. ಹದಿನೈದು ದಿನಕ್ಕೊಮ್ಮೆ ಮಕ್ಕಳು ಮನೆಗೆ ಹೋದ ಮೇಲೆ 75 ನಿಮಿಷ, ಒಟ್ಟು ಹತ್ತು ಸಲ. ಎರಡು ಸಭೆಗಳ ನಡುವೆ ನಮ್ಮ ಕಡೆಯವರೊಬ್ಬರು ತರಗತಿಗೆ ಹೋಗಿ 40 ನಿಮಿಷ ಕೂರುತ್ತಾರೆ. ಸಭೆ ನಡೆಯುವುದು ಅದೇ ಎಂಟರಲ್ಲಿ ಒಂದು ತರಗತಿಯಲ್ಲಿ, ಅದೇ ಪುಟ್ಟ ಚಾಪೆಗಳ ಮೇಲೆ. ಹಾಲ್ ಬಾಡಿಗೆ ಉಳಿಯುವುದು ಒಂದು ಲಾಭ. ಬೇರೆಯವರ ತರಗತಿಯ ನಲ್ಲಿ ಎಷ್ಟು ಎತ್ತರದಲ್ಲಿದೆ, ಬಾಗಿಲಿಗೆ ಹೊಸ್ತಿಲು ಇದೆಯೋ ಇಲ್ಲವೋ ಅಂತ ಕಣ್ಣಾರೆ ನೋಡುವುದು ಅದಕ್ಕಿಂತ ದೊಡ್ಡ ಲಾಭ.

ಮೊದಲ ಸಭೆಗೇ ಒಂದು ಕಟ್ಟುನಿಟ್ಟು: ಯಾವ ತೊಂದರೆಯ ಹೆಸರನ್ನೂ ಹೇಳುವ ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. ಹಿಂದೆ ಅಷ್ಟನ್ನೂ ಸ್ಲೈಡ್ ಹಾಕಿ ವಿವರಿಸುತ್ತಿದ್ದೆವು. ಮಾರನೇ ವಾರದಿಂದ ಟೀಚರ್‌ಗಳು ‘ಇವನಿಗೆ ಆಟಿಸಂ ಇರಬೇಕು’, ‘ಅವಳದ್ದು ಎಡಿಎಚ್‌ಡಿ’ ಅನ್ನಲು ಶುರು ಮಾಡುತ್ತಿದ್ದರು. ಅದು ನಾವೇ ಮಾಡಿದ ಹಾನಿ. ಈಗ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. ‘ಹಠಮಾರಿ’ ಅಂತ ಬರೆದರೆ ಚೀಟಿ ವಾಪಸ್. ‘ಚಾಪೆ ಮೇಲೆ ಎರಡು ನಿಮಿಷ ಕೂತ, ಗಂಟೆ ಹೊಡೆದ ತಕ್ಷಣ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಓಡಿದ’ ಅಂತ ಬರೆದರೆ ಅದರ ಮೇಲೆ ಕೆಲಸ ಮಾಡಬಹುದು.

ಚೀಟಿಯೂ ಸರಳ. ದಿನವನ್ನು ಆರು ಹೊತ್ತಾಗಿ ಒಡೆಯುತ್ತೇವೆ: ಬರುವುದು, ಸರ್ಕಲ್ ಟೈಮ್ (ಎಲ್ಲರೂ ಸುತ್ತ ಕೂರುವ ಹೊತ್ತು), ತಿಂಡಿ, ಟಾಯ್ಲೆಟ್, ಆಟ, ಹೋಗುವುದು. ಒಂದು ಮಗುವನ್ನು ಆರಿಸಿಕೊಂಡು ಪ್ರತಿ ಹೊತ್ತಿಗೆ ಒಂದು ಗುರುತು: ತಾನೇ ಮಾಡುತ್ತೆ, ಸಹಾಯ ಬೇಕು, ಆಗುವುದಿಲ್ಲ. ಬಹುಪಾಲು ಟೀಚರ್‌ಗಳು ಸರ್ಕಲ್ ಟೈಮನ್ನೇ ಸರಿ ಮಾಡಲು ಹೊರಡುತ್ತಾರೆ, ಅವರಿಗೆ ತಲೆನೋವಾಗುವುದು ಅಲ್ಲೇ. ಆಯಾ ಹಾಕಿದ ಗುರುತು ಪಕ್ಕದಲ್ಲಿಟ್ಟು ನೋಡಿದರೆ ನಿಜವಾದ ಗಲಾಟೆ ಒಂದು ಹೊತ್ತಿನಿಂದ ಇನ್ನೊಂದಕ್ಕೆ ಹೋಗುವ ಆ ಐದು ನಿಮಿಷದಲ್ಲಿ ಇರುತ್ತೆ. ಒಂದು ಮಗು, ಒಂದು ಹೊತ್ತು, ಒಂದೇ ಬದಲಾವಣೆ, ಹದಿನೈದು ದಿನ. ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಮೊದಲ ಗುಂಪಿನಲ್ಲಿ ಪ್ರತಿ ಭೇಟಿಗೂ ಐದೈದು ಸಲಹೆ ಕೊಟ್ಟು, ಐದರಲ್ಲಿ ಒಂದೂ ಆಗದೆ ಬುದ್ಧಿ ಬಂತು.

ಭೇಟಿಗೆ ಹೋದವರು ಮೊದಲ 20 ನಿಮಿಷ ಪೆನ್ನು ಹೊರಗೆ ತೆಗೆಯಬಾರದು. ಬರೆಯುತ್ತಿರುವುದು ಕಂಡರೆ ಅದು ಇನ್‌ಸ್ಪೆಕ್ಷನ್ ಆಗಿಬಿಡುತ್ತೆ. ಟೀಚರ್ ಆ ದಿನ ಎಲ್ಲ ಮಕ್ಕಳಿಂದಲೂ ರೈಮ್ಸ್ ಹೇಳಿಸಿ ತೋರಿಸುತ್ತಾರೆ. ನೆಲದ ಮೇಲೆ ಮಕ್ಕಳ ಮಟ್ಟಕ್ಕೆ ಕೂರಬೇಕು. ಹೊರಡುವಾಗ ನಡೆದ ಒಂದು ಒಳ್ಳೆಯದು, ಮುಂದಿನ ಒಂದು ಕೆಲಸ, ಎರಡನ್ನೂ ಆಯಾ ಎದುರಿಗೇ ಹೇಳಬೇಕು.

ಮುಂದೇನು ಅಂತ ಮಗುವಿಗೆ ತೋರಿಸುವ ಚಿತ್ರದ ಕಾರ್ಡುಗಳ ವಿಷಯದಲ್ಲಿ ನಾವು ಕಳೆದಷ್ಟು ದುಡ್ಡು ಬೇರೆಲ್ಲೂ ಕಳೆದಿಲ್ಲ. ಮೊದಲು ಇಂಟರ್‌ನೆಟ್ ಕಾರ್ಟೂನುಗಳನ್ನು ಕಲರ್ ಪ್ರಿಂಟ್ ಮಾಡಿಸಿ ಹಂಚಿದೆವು. ವಿದೇಶಿ ಕಮೋಡು, ವಿದೇಶಿ ಲಂಚ್ ಬಾಕ್ಸು, ಮಗುವಿಗೆ ತಲೆಬುಡ ತಿಳಿಯಲಿಲ್ಲ. ಈಗ ಆ ತರಗತಿಯದೇ ನಲ್ಲಿ, ಅದೇ ಸ್ಟೀಲ್ ತಟ್ಟೆ, ಅದೇ ಚಾಪೆ, ಮೊಬೈಲಲ್ಲಿ ಫೋಟೊ ತೆಗೆದು ಮೂರು ಇಂಚಿನ ಚೌಕಕ್ಕೆ ಪ್ರಿಂಟ್. ಮೊದಲು ಫೋಟೊ ಕತ್ತರಿಸಿ, ಆಮೇಲೆ ಲ್ಯಾಮಿನೇಟ್ ಮಾಡಿ, ಸುತ್ತ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಅಂಚು ಬಿಟ್ಟು ಮತ್ತೆ ಕತ್ತರಿಸಬೇಕು. ಅಂಚಿಲ್ಲದಿದ್ದರೆ ಒದ್ದೆ ಕೈ ತಾಗಿದ ಎರಡನೇ ದಿನಕ್ಕೇ ಪದರ ಬಿಡುತ್ತೆ. ಮೂಲೆಗಳನ್ನು ದುಂಡಗೆ ಮಾಡಿ, ಇಲ್ಲದಿದ್ದರೆ ಕಣ್ಣಿಗೆ ಚುಚ್ಚುತ್ತೆ. ಹೊಳೆಯುವ ಲ್ಯಾಮಿನೇಶನ್ ಟ್ಯೂಬ್‌ಲೈಟ್ ಕೆಳಗೆ ಬರೀ ಬಿಳಿಯಾಗಿ ಕಾಣುತ್ತೆ, ಮ್ಯಾಟ್ ಪೌಚ್ ಕೇಳಿ ತನ್ನಿ. ವೆಲ್ಕ್ರೋದ ಮೆತ್ತನೆ ಬದಿ ಕಾರ್ಡಿಗೆ, ಮುಳ್ಳು ಬದಿ ಕಾರ್ಡು ಅಂಟಿಸುವ ಗೋಡೆಯ ಪಟ್ಟಿಗೆ. ಎಂಟೂ ಸೆಂಟರಿನಲ್ಲಿ ಇದೊಂದೇ ನಿಯಮ ಇರಬೇಕು, ಇಲ್ಲದಿದ್ದರೆ ಒಂದು ಕಡೆಯ ಕಾರ್ಡು ಇನ್ನೊಂದು ಕಡೆ ಅಂಟುವುದಿಲ್ಲ. ಪೌಚು, ಫೋಮ್ ಶೀಟು ಅವೆನ್ಯೂ ರಸ್ತೆಯಲ್ಲಿ, ವೆಲ್ಕ್ರೋ ಚಿಕ್ಕಪೇಟೆಯಲ್ಲಿ ರೋಲ್ ಲೆಕ್ಕದಲ್ಲಿ ತಂದರೆ ಬಡಾವಣೆ ಅಂಗಡಿಯ ಅರ್ಧ ಬೆಲೆಗೆ ಮುಗಿಯುತ್ತೆ.

ಪಟ್ಟಿಯಲ್ಲಿ ಒಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ಕಾರ್ಡು ಬೇಡ. ನೆಲದಿಂದ ಎರಡೂವರೆ ಅಡಿ ಎತ್ತರ ಸಾಕು. ಟೀಚರ್ ಕಣ್ಣಿನ ಮಟ್ಟಕ್ಕೆ ಹಾಕಿದ್ದನ್ನು ಕಿತ್ತು ಕೆಳಗೆ ಹಾಕಿಸುವುದೇ ನಮ್ಮ ಮೊದಲ ಭೇಟಿಯ ಕೆಲಸವಾಗಿರುತ್ತೆ. ಕೆಲಸ ಮುಗಿದಾಗ ಮಗುವೇ ಕಾರ್ಡು ಕಿತ್ತು ‘ಮುಗೀತು’ ಡಬ್ಬಕ್ಕೆ ಹಾಕಬೇಕು. ಇಷ್ಟಾದರೂ ಕೆಲಸ ಕೆಡುವುದು ಬಾಯಿಂದ. ಕಾರ್ಡು ತೋರಿಸಿ ‘ಬಾ ಚಿನ್ನ, ಕೈ ತೊಳ್ಕೋಬೇಕಲ್ವಾ, ನೋಡು ಎಲ್ಲರೂ ಹೋದ್ರು’ ಅಂತ ಮಾತು ಸುರಿದರೆ ಕಾರ್ಡು ಇದ್ದೂ ಇಲ್ಲದ ಹಾಗೆ. ‘ಕೈ ತೊಳೆ’, ಎರಡೇ ಪದ. ಆಮೇಲೆ ಹತ್ತು ಎಣಿಸುವವರೆಗೆ ಮೌನ. ಹತ್ತು ಸೆಕೆಂಡ್ ಎಷ್ಟು ಉದ್ದ ಅನ್ನುವುದು ಮೊದಲ ಸಲ ಸುಮ್ಮನಿದ್ದು ನೋಡಿದವರಿಗೇ ಗೊತ್ತು. ಸೆರಗಿನ ಮರೆಯಲ್ಲಿ ಬೆರಳು ಮಡಚುತ್ತಾ ಎಣಿಸುವ ಉಪಾಯ ಒಬ್ಬ ಆಯಾ ಹೇಳಿಕೊಟ್ಟದ್ದು, ಈಗ ಎಲ್ಲ ಗುಂಪಿಗೂ ಅದನ್ನೇ ಕಲಿಸುತ್ತೇವೆ.

ಊಟದ ಹೊತ್ತಿಗೆ ಒಂದು ಪೂರ್ತಿ ಸಭೆ ಮೀಸಲು. ಕತ್ತು ನಿಲ್ಲದ, ಅಗಿಯಲಾಗದ ಮಗುವನ್ನು ತೊಡೆ ಮೇಲೆ ಅಂಗಾತ ಮಲಗಿಸಿ ಚಮಚ ಸುರಿಯುವ ಅಭ್ಯಾಸ ಎಲ್ಲ ಕಡೆ ಇದೆ. ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯ ಅದರಲ್ಲೇ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ತರಬೇತಿಗೆ ಬಂದ ಪ್ರತಿಯೊಬ್ಬರಿಗೂ ತಲೆ ಹಿಂದಕ್ಕೆ ಬಾಗಿಸಿ ಒಂದು ಚಿಕ್ಕ ಗುಟುಕು ನೀರು ನುಂಗಲು ಹೇಳಿ, ಆಮೇಲೆ ಗದ್ದ ಸ್ವಲ್ಪ ಕೆಳಗಿಟ್ಟು ನುಂಗಲು ಹೇಳಿ, ಅಷ್ಟೇ ಸಾಕು. ಮಗು ನೇರವಾಗಿ ಕೂತಿರಬೇಕು, ಪಾದ ಗಟ್ಟಿ ನೆಲೆಯ ಮೇಲಿರಬೇಕು, ಚಮಚ ಎದುರಿನಿಂದ, ಬಾಯಿಯ ಮಟ್ಟದಲ್ಲಿ ಬರಬೇಕು. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ತಿಳಿ ಸಾರಿನಲ್ಲಿ ಅನ್ನ ತೇಲಿಸಿ ಕೊಡುವುದು ಸುಲಭ ಅಂದುಕೊಂಡಿರುತ್ತಾರೆ. ನೀರೂ ಅಗುಳೂ ಒಟ್ಟಿಗೆ ಬಂದರೆ ನುಂಗುವುದೇ ಕಷ್ಟ. ಒಂದೇ ಹದದ ಗಟ್ಟಿ ರಾಗಿ ಗಂಜಿಯೋ ಚೆನ್ನಾಗಿ ಹಿಸುಕಿದ ಮೊಸರನ್ನವೋ ವಾಸಿ. ಕೆಮ್ಮು, ಕಣ್ಣಲ್ಲಿ ನೀರು, ಗುಳುಗುಳು ದನಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಪದೇಪದೇ ಹೀಗಾದರೆ ಮನೆಯವರಿಗೆ ತಿಳಿಸಿ ವೈದ್ಯರಿಗೂ ಸ್ಪೀಚ್ ಥೆರಪಿಸ್ಟಿಗೂ ತೋರಿಸಲೇಬೇಕು, ಇದು ತರಗತಿಯಲ್ಲಿ ಪ್ರಯೋಗ ಮಾಡುವ ವಿಷಯ ಅಲ್ಲ.

ನೇರವಾಗಿ ಕೂರಲಾಗದ ಮಗುವಿಗೆ ಕುರ್ಚಿಯ ಪ್ರಯೋಗವೂ ಮಾಡಿದೆವು. ಹಳೇ ರಟ್ಟಿನ ಪೆಟ್ಟಿಗೆ ಪದರ ಪದರವಾಗಿ ಅಂಟಿಸಿ ಮೂಲೆ ಕುರ್ಚಿ ಮಾಡಿದರೆ ಪುಕ್ಕಟೆ ಅಂತ ಲೆಕ್ಕ. ಜುಲೈ ಮಳೆಗೆ ತೇವ ಹಿಡಿದು ಎರಡು ವಾರದಲ್ಲಿ ಕುಸಿದು ಕೂತಿತು. ಈಗ ಮಾಮೂಲಿ ಪ್ಲಾಸ್ಟಿಕ್ ಬೇಬಿ ಕುರ್ಚಿ, ಜಾರದ ಹಾಗೆ ಸೀಟಿನ ಮೇಲೆ ರಬ್ಬರ್ ಜಾಲರಿ, ಸೊಂಟದ ಎರಡು ಬದಿಗೆ ಸುತ್ತಿದ ಟವಲು, ಕಾಲ ಕೆಳಗೆ ಬಟ್ಟೆ ಸುತ್ತಿದ ಇಟ್ಟಿಗೆ. ಸೊಂಟ, ಮಂಡಿ, ಪಾದದ ಗಂಟು ಮೂರೂ ಪುಸ್ತಕದ ಮೂಲೆಯ ಹಾಗೆ ಲಂಬ ಕೋನದಲ್ಲಿ ಮಡಚಿರಬೇಕು. ಕುರ್ಚಿ ಬಿಟ್ಟು ಖರ್ಚು 200 ರೂಪಾಯಿ ದಾಟುವುದಿಲ್ಲ. ಸ್ನಾಯು ಬಿಗಿತ ಇರುವ ಮಗುವಾದರೆ ಮೊದಲು ಫಿಸಿಯೊಥೆರಪಿಸ್ಟ್ ಅಳತೆ ನೋಡಬೇಕು. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂಥವಕ್ಕೆ ಊರಲ್ಲೇ ಇವೆ.

ಮೂರ್ಛೆ ಬಂದಾಗ ಕೈಗೆ ಬೀಗದ ಕೈ ತುರುಕುವುದನ್ನು ಬಿಡಿಸಲು ಎರಡು ಸಭೆ ಹಿಡಿಯಿತು. ಪಕ್ಕಕ್ಕೆ ಹೊರಳಿಸು, ತಲೆ ಕೆಳಗೆ ಮೆತ್ತನೆಯದು ಇಡು, ಬಾಯಿಗೆ ಏನೂ ಹಾಕಬೇಡ, ಮೊಬೈಲಲ್ಲಿ ಸಮಯ ನೋಡು, ಐದು ನಿಮಿಷ ದಾಟಿದರೆ 108. ಗೊಂಬೆ ಇಟ್ಟುಕೊಂಡು ಸ್ಟಾಪ್‌ವಾಚ್ ಹಾಕಿ ಮಾಡಿಸುತ್ತೇವೆ.

ಬೆಂಗಳೂರಿನದೇ ಆದ ಗೊಂದಲ ಒಂದಿದೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಒಡಿಯಾ, ನೇಪಾಳಿ. ತರಗತಿಯಲ್ಲಿ ಕನ್ನಡ, ರೈಮ್ಸಿನಲ್ಲಿ ಇಂಗ್ಲಿಷು. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ತುಟಿ ಬಿಚ್ಚದೇ ಇರಬಹುದು. ಅದನ್ನು ‘ಸ್ಪೀಚ್ ಡಿಲೇ’ ಅನ್ನುವ ಮುಂಚೆ ಎರಡು ಕೆಲಸ: ಮನೆಯಲ್ಲಿ ಮನೆಮಾತಿನಲ್ಲಿ ಎಷ್ಟು ಮಾತಾಡುತ್ತೆ ಅಂತ ಅಮ್ಮನನ್ನು ಕೇಳುವುದು, ಅಲ್ಲೂ ಮಾತು ಕಡಿಮೆ ಇದ್ದರೆ ತಡಮಾಡದೆ ಕಿವಿ ಪರೀಕ್ಷೆಗೆ ಕಳಿಸುವುದು. ನೀರು, ಸುಸ್ಸು, ನೋವು, ಸಾಕು, ಅಮ್ಮ ಬರ್ತಾಳೆ, ಈ ಐದನ್ನು ಅಮ್ಮನಿಂದ ಅವರ ಮಾತಿನಲ್ಲಿ ಕೇಳಿ ಕನ್ನಡ ಲಿಪಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಮನೆಮಾತು ಬಿಡಿ ಅಂತ ಯಾರಿಗೂ ಹೇಳಬೇಡಿ, ಅದರಿಂದ ಕನ್ನಡ ಬೇಗ ಬರುವುದಿಲ್ಲ.

ಗೇಟಿನ ಹತ್ತಿರ ಅಪ್ಪ ಅಮ್ಮನಿಗೆ ಹೇಳುವ ಮಾತನ್ನೂ ಬಾಯಿಪಾಠ ಮಾಡಿಸುತ್ತೇವೆ: ‘ಎರಡು ವಾರ ನೋಡಿದ್ವಿ, ಹತ್ತು ಸಲ ಕರೆದರೆ ಮೂರು ಸಲ ತಿರುಗ್ತಾನೆ. ಮನೇಲಿ ಹೇಗಿದಾನೆ?’ ಅಷ್ಟೇ. ಅಂಗನವಾಡಿಗಳಿಗೆ 2023ರ ನವೆಂಬರಿನಲ್ಲಿ ಬಂದ ದಿವ್ಯಾಂಗ ಮಕ್ಕಳ ಪ್ರೋಟೊಕಾಲ್ ಎಂಬ ಸರ್ಕಾರಿ ಮಾರ್ಗಸೂಚಿ ಕೂಡ ಗುರುತಿಸು, ಜತೆಗೂಡಿಸು, ಮುಂದಕ್ಕೆ ಕಳಿಸು ಅನ್ನುವ ಜಾಡಿನಲ್ಲೇ ಇದೆ. ರೋಗನಿರ್ಣಯ ಕಾರ್ಯಕರ್ತೆಯ ಕೆಲಸ ಅಲ್ಲ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಅಂಗನವಾಡಿಗೆ ಬರಬೇಕಾದ್ದು ವರ್ಷಕ್ಕೆ ಎರಡು ಸಲ. ಆ ದಿನ ಈ ಚೀಟಿ ಕೈಗಿಟ್ಟರೆ ಡಾಕ್ಟರ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತೆ.

ಕೈಕೊಟ್ಟವುಗಳಲ್ಲಿ ಬೆಡ್‌ಶೀಟಿನ ಟೆಂಟು ಮುಖ್ಯ. ಗದ್ದಲ ತಡೆಯದ ಮಗುವಿಗೆ ನೆಮ್ಮದಿಯ ಜಾಗ ಅಂತ ಕಟ್ಟಿದ್ದು. ಮೂರನೇ ವಾರಕ್ಕೆ ‘ಹೋಗಿ ಟೆಂಟಲ್ಲಿ ಕೂತ್ಕೋ’ ಅನ್ನುವ ಶಿಕ್ಷೆಯಾಯಿತು. ಬಿಚ್ಚಿಸಿದೆವು. ಅದರ ಬದಲು ಗದ್ದಲವನ್ನೇ ತಗ್ಗಿಸಲು ಹೊರಟು ಸ್ಟೀಲ್ ತಟ್ಟೆಗಳ ಕೆಳಗೆ ಹಳೇ ಯೋಗ ಮ್ಯಾಟ್ ಹಾಸಿದೆವು, ಅದು ಸಿಕ್ಕಾಪಟ್ಟೆ ಕೆಲಸ ಮಾಡಿತು. ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಮುಖ ಬರತೊಡಗಿ ಅದನ್ನೂ ನಿಲ್ಲಿಸಿ, ಈಗ ಬರೀ ವಸ್ತುಗಳ ಫೋಟೊ, ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜು. ಓದಲು ಬಾರದ ಆಯಾಗಳು ಅದರಲ್ಲಿ ಟೀಚರ್‌ಗಳಿಗಿಂತ ಮುಂದು.

ಲೆಕ್ಕಕ್ಕೆ ಬರೋಣ. ನೆನಪಿನಿಂದ ಹೇಳುವುದಾದರೆ ಭೇಟಿಗೆ 500ರಂತೆ ಎಪ್ಪತ್ತು ಚಿಲ್ಲರೆ ಭೇಟಿಗೆ 36 ಸಾವಿರ, ಲ್ಯಾಮಿನೇಶನ್ ಯಂತ್ರ ಮೂರೂವರೆ ಸಾವಿರ, ಪೌಚು, ವೆಲ್ಕ್ರೋ, ಪ್ರಿಂಟು ಎಲ್ಲ ಸೇರಿ ಆರು ಸಾವಿರ, ಟೀ ಬೋಂಡ ಮೂರು ಸಾವಿರ. ಇನ್ನು 12 ಸಾವಿರ ಆಯಾಗಳಿಗೆ: ಸಭೆಗೆ ಬಂದ ದಿನ ತಲಾ 150 ರೂಪಾಯಿ. ಎಲ್ಲರೂ ನಕ್ಕದ್ದು ಇದಕ್ಕೇ. ಮಧ್ಯಾಹ್ನ ಇನ್ನೆರಡು ಮನೆ ಕೆಲಸಕ್ಕೆ ಓಡುವವರು ಪುಕ್ಕಟೆಗೆ ಕೂರುವುದಿಲ್ಲ. ಮೊದಲ ಗುಂಪಿನಲ್ಲಿ ದುಡ್ಡು ಕೊಡದೆ ಮೂರನೇ ಸಭೆಗೆ ಎಂಟರಲ್ಲಿ ಮೂರು ಜನ ಉಳಿದಿದ್ದರು. ಒಟ್ಟು 60 ಸಾವಿರ ಚಿಲ್ಲರೆ, ಹದಿನಾರು ಜನಕ್ಕೆ. ತಲೆಗೆ ಹಾಕಿದರೆ ಹಳೇ ಬಾಡಿಗೆ ಹಾಲ್ ಕಾರ್ಯಾಗಾರದ ಎರಡರಷ್ಟಕ್ಕೂ ಮೇಲೆ. ಆದರೆ ನವೆಂಬರಿಗೆ ಸಭೆ ಮುಗಿದ ಗುಂಪಿನಲ್ಲಿ ಜನವರಿಗೂ ಎಂಟರಲ್ಲಿ ಆರು ಕಡೆ ಪಟ್ಟಿ ಕೆಳಗಡೆಯೇ ಇತ್ತು, ಡಬ್ಬದಲ್ಲಿ ಕಾರ್ಡೂ ಇದ್ದವು.

ಉಳಿದೆರಡರಲ್ಲಿ ಟೀಚರ್ ವರ್ಷದ ನಡುವೆ ಕೆಲಸ ಬಿಟ್ಟಿದ್ದರು, ಹೊಸಬರು ಬಂದು ಪಟ್ಟಿ ಕಿತ್ತು ಅಲಂಕಾರ ಹಾಕಿದ್ದರು. ಹಾಗಾಗಿ ಈ ಜೂನಿನಿಂದ ಮಗುವಿನ ಚೀಟಿ, ಕಾರ್ಡಿನ ಡಬ್ಬ, ಬಾಗಿಲ ಹಿಂದಿನ ಐದು ಪದ, ಮೂರನ್ನೂ ಆಯಾ ಹೆಸರಿಗೆ ಬರೆಸಿಕೊಳ್ಳುತ್ತಿದ್ದೇವೆ. ಹೊಸ ಟೀಚರ್ ಬಂದ ಮೊದಲ ದಿನ ತರಗತಿ ತೋರಿಸುವವರು ಅವರೇ.