ಮಾಡಿನಡಿಯ ಕಣಜದ ಗೂಡು: ಪೊರಕೆ ಎತ್ತುವ ಮುನ್ನ

ಶಿರಸಿ, ಸಿದ್ದಾಪುರದ ಹಂಚಿನ ಮನೆಗಳಲ್ಲಿ ಚೌತಿಗೂ ದೀಪಾವಳಿಗೂ ಜೇಡರ ಬಲೆ ತೆಗೆಯುವಾಗಲೇ ಕಣಜದ ಗೂಡಿಗೆ ಪೊರಕೆ ತಾಗುವುದುಂಟು. ಮಳೆಗಾಲದಲ್ಲಿ ಕಣ್ಣಿಗೆ ಬೀಳದೆ ಬೆಳೆದ ಗೂಡು ಆ ಹೊತ್ತಿಗೆ ತುಂಬಿಕೊಂಡಿರುತ್ತದೆ. ಆದ್ದರಿಂದ ಪೊರಕೆಗೆ ಕೋಲು ಕಟ್ಟುವ ಮೊದಲು, ಹಗಲು ಬೆಳಕಿನಲ್ಲಿ ಸ್ವಲ್ಪ ದೂರ ನಿಂತು, ಮಾಡಿನ ಅಂಚು, ಪಕಾಸಿನ (ಮಾಡು ಹೊರುವ ಮರದ) ಸಂದು, ಕೊಟ್ಟಿಗೆಯ ಅಟ್ಟ, ಬಚ್ಚಲಿನ ಕಟ್ಟಿಗೆ ರಾಶಿ ಇವುಗಳತ್ತ ಹುಳುಗಳು ಹೋಗಿಬರುತ್ತಿವೆಯೇ ಎಂದು ನೋಡಬೇಕು. ದಣಪೆಯ, ಅಂದರೆ ಅಡ್ಡಗಳುಗಳ ಬೇಲಿಬಾಗಿಲಿನ, ಹಳೆಯ ಗಳುವಿನ ಮೇಲೆ ಬೂದು ಬಣ್ಣ ಕೆರೆದುಹೋಗಿ ಸಣ್ಣ ತಿಳಿಗೆರೆಗಳು ಮೂಡಿದ್ದರೆ ಅದೂ ಒಂದು ಸುಳಿವು. ಕಣಜಗಳು ಮರದ ನಾರನ್ನು ಹಾಗೆ ಕೆರೆದೊಯ್ದು, ಜೊಲ್ಲಿನಲ್ಲಿ ಅಗಿದು, ಕಾಗದದಂಥ ಗೂಡು ಕಟ್ಟುತ್ತವೆ.

ಎಲ್ಲ ಗೂಡನ್ನೂ ತೆಗೆಯಬೇಕಾಗಿಲ್ಲ. ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಒಂಟಿಯಾಗಿ ಬದುಕುವಂಥದ್ದು, ಕೈಯಲ್ಲಿ ಹಿಡಿದರಲ್ಲದೆ ಕಚ್ಚುವುದು ಅಪರೂಪ. ಸಣ್ಣ ಕಾಗದದ ಗೂಡಿನವು ತರಕಾರಿ ಹಿತ್ತಿಲಿನ ಹಸಿರು ಹುಳುಗಳನ್ನು ಹಿಡಿದು ಮರಿಗಳಿಗೆ ಉಣಿಸುತ್ತವೆ. ಓಡಾಟಕ್ಕೆ ಅಡ್ಡಿಯಿಲ್ಲದ ಕಡೆ ಅವನ್ನು ಬಿಟ್ಟುಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಆದರೆ ಕಪ್ಪು ಮೈಯ ಹೊಟ್ಟೆಗೆ ಅಗಲವಾದ ಹಳದಿ ಪಟ್ಟೆಯಿರುವ ದೊಡ್ಡ ಕಣಜಗಳು ಅಟ್ಟದಲ್ಲೋ ಮರದ ಪೊಟರೆಯಲ್ಲೋ ನೆಲದ ಬಿಲದಲ್ಲೋ ನೆಲೆಸಿದ್ದರೆ, ಮಕ್ಕಳನ್ನೂ ದನಕರುಗಳನ್ನೂ ಆ ಕಡೆ ಬಿಡದೆ, ಅನುಭವವಿದ್ದು ಮೈಪೂರ್ತಿ ರಕ್ಷಣೆಯ ಉಡುಪು ತೊಡುವವರಿಂದಲೇ ತೆಗೆಸಬೇಕು. ತೆಂಗಿನ ಗರಿಯ ಸೂಡಿ ಹೊತ್ತಿಸಿ ಗೂಡು ಸುಡುವ ರೂಢಿಯನ್ನು ದಯವಿಟ್ಟು ಬಿಡಿ: ಒಣಗಿದ ಪಕಾಸಿಗೆ ಕಿಡಿ ತಗುಲಲು ಕ್ಷಣ ಸಾಕು, ಏಣಿಯ ಮೇಲಿದ್ದವರಿಗೆ ಓಡಲು ದಾರಿಯೂ ಇರುವುದಿಲ್ಲ.

ಗೂಡು ಕದಡಿದರೆ ಕೈ ಬೀಸುತ್ತ ನಿಲ್ಲದೆ, ಮುಖ ಮುಚ್ಚಿಕೊಂಡು ದೂರ ಓಡಿ ಒಳಸೇರಿ ಬಾಗಿಲು ಹಾಕಿಕೊಳ್ಳಬೇಕು. ಜೇನಿನಂತೆ ಕೊಂಡಿ ಕಳೆದುಕೊಳ್ಳದ ಕಣಜ ಮತ್ತೆ ಮತ್ತೆ ಕಚ್ಚಬಲ್ಲದು, ಒಂದು ಕಚ್ಚಿದಾಗ ಹೊರಬೀಳುವ ವಾಸನೆ ಉಳಿದವನ್ನೂ ಕೆರಳಿಸುತ್ತದೆ. ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ಬೆರಳಿಗಾಗಿದ್ದರೆ ಊದುವ ಮೊದಲೇ ಉಂಗುರ ತೆಗೆಯಿರಿ. ಉಸಿರು ಕಟ್ಟುವುದು, ತುಟಿ ನಾಲಿಗೆ ಊದುವುದು, ಮೈಯೆಲ್ಲ ದದ್ದೇಳುವುದು, ತಲೆಸುತ್ತು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಹತ್ತಾರು ಕಡೆ ಕಚ್ಚಿಸಿಕೊಂಡವರು ಆರಾಮಾಗಿ ಕಂಡರೂ ಅಂದೇ ವೈದ್ಯರ ಬಳಿ ಹೋಗಬೇಕು, ಏಕೆಂದರೆ ವಿಷವು ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಿರುವುದು ಒಂದೆರಡು ದಿನ ಕಳೆದು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದಾಗಲೋ ಕಡಿಮೆಯಾದಾಗಲೋ ತಿಳಿಯಬಹುದು.