ವಾಹನದ ಮೇಲೆ ಹಾರಿ ಕುಳಿತ ಸ್ಪ್ರೇ ಬಣ್ಣವನ್ನು ತೆಗೆಯುವ ಬಗೆ

ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳ ಹೊರಗಾಗಲಿ, ವಿಜಯಪುರದ ರಸ್ತೆ ಬದಿಯ ಗ್ಯಾರೇಜುಗಳ ಮುಂದಾಗಲಿ, ಟ್ರ್ಯಾಕ್ಟರಿನ ಟ್ರೇಲರಿಗೋ ಮನೆಯ ಗೇಟಿಗೋ ಬಯಲಿನಲ್ಲಿಯೇ ಕಂಪ್ರೆಸರ್‌ನಿಂದ ಬಣ್ಣ ಹೊಡೆಯುವಾಗ ಗಾಳಿಗೆ ತೇಲಿದ ಸಣ್ಣ ಹನಿಗಳು ಪಕ್ಕದಲ್ಲಿ ನಿಂತ ಕಾರಿನ ಮೇಲೆ ಕುಳಿತು ಒಣಗುತ್ತವೆ. ಅವು ಸಾಮಾನ್ಯವಾಗಿ ಕ್ಲಿಯರ್ ಕೋಟಿನ, ಅಂದರೆ ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರದ, ಮೇಲ್ಮೈಗೆ ಅಂಟಿರುತ್ತವೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ತೊಳೆದು ಒರೆಸಿದ ಬಾನೆಟ್ಟನ್ನು ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿದರೆ, ಕಣ್ಣಿಗೆ ಕಾಣದ ಕಣಗಳೂ ಬೆರಳಿಗೆ ತರಿತರಿಯಾಗಿ ತಾಕುತ್ತವೆ.

ಹಾರಿದ್ದು ಯಾವ ಬಣ್ಣವೆಂದು ಹೊಡೆದವರನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಗೋಡೆಯ ಎಮಲ್ಷನ್ ಬಿದ್ದು ಹೆಚ್ಚು ಹೊತ್ತಾಗಿರದಿದ್ದರೆ, ಶ್ಯಾಂಪೂ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿ ನೆನೆಸಿದರೆ ಬಹುಪಾಲು ಬಿಟ್ಟುಬರುತ್ತದೆ. ಹಾರ್ಡನರ್ ಬೆರೆಸಿದ ವಾಹನದ ಬಣ್ಣ ಗಟ್ಟಿಯಾದ ಮೇಲೆ ಸ್ಪಿರಿಟ್ಟಿಗೆ ಸುಲಭವಾಗಿ ಕರಗುವುದಿಲ್ಲ. ಅದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕಣಗಳನ್ನು ಕಿತ್ತು ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆಯ ಗಟ್ಟಿ, ಬೇಕು.

ಕೆಲಸವನ್ನು ನೆರಳಿನಲ್ಲಿ, ತಗಡು ಮುಟ್ಟಿದರೆ ತಣ್ಣಗಿರುವಾಗ ಮಾಡಬೇಕು. ನಮ್ಮ ಬೇಸಿಗೆಯಲ್ಲಿ ಇದರರ್ಥ ಬಿಸಿಲೇರುವ ಮುನ್ನ. ಎರೆಮಣ್ಣಿನ ಧೂಳು ಉಳಿದಿದ್ದರೆ ಉಜ್ಜಿದಂತೆಲ್ಲ ಗೀರು ಬೀಳುವುದರಿಂದ ಮೊದಲು ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಬೋರ್‌ವೆಲ್ಲಿನ ಗಡಸು ನೀರು ಆರಿದಲ್ಲಿ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ತಕ್ಷಣ ಒರೆಸಬೇಕು.

ಮೃದು ದರ್ಜೆಯ ಕ್ಲೇಯಿಂದ ಒಂದು ತುಣುಕು ಹರಿದುಕೊಂಡು, ಚಪಾತಿ ಹಿಟ್ಟಿನಂತೆ ನಾದಿ ಚಪ್ಪಟೆ ಮಾಡಿಕೊಳ್ಳಬೇಕು. ಸುಮಾರು ಒಂದೂವರೆ ಅಡಿ ಚೌಕದಷ್ಟು ಜಾಗಕ್ಕೆ ಕಾರ್ ಶ್ಯಾಂಪೂ ಬೆರೆಸಿದ ನೀರನ್ನು ಚಿಮುಕಿಸಿ, ಒತ್ತಡ ಹಾಕದೆ, ವೃತ್ತಾಕಾರದಲ್ಲಿ ತಿರುವದೆ, ನೇರ ಗೆರೆಯಲ್ಲಿ ಹಿಂದೆಮುಂದೆ ಸರಿಸಬೇಕು. ಮೊದಲು ತಡೆತಡೆದು ಸಾಗುವ ಕ್ಲೇ, ಕಣಗಳು ಕಿತ್ತು ಬಂದಂತೆ ಸಲೀಸಾಗಿ ಜಾರತೊಡಗುತ್ತದೆ; ಆಗ ಮುಂದಿನ ಭಾಗಕ್ಕೆ ಹೋಗಬಹುದು. ಆಗಾಗ ಮಡಿಚಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದ ತುಣುಕನ್ನು, ಎಷ್ಟೇ ದುಬಾರಿಯಾಗಿದ್ದರೂ, ಮತ್ತೆ ಬಳಸಬಾರದು.

ಇಷ್ಟಾದರೂ ಉಳಿದ ಚುಕ್ಕೆಗಳಿಗೆ ಸಮಪ್ರಮಾಣದ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲನ್ನು, ಬಾಗಿಲಿನ ಒಳ ಅಂಚಿನಲ್ಲಿ ಪರೀಕ್ಷಿಸಿದ ಬಳಿಕ, ಬಟ್ಟೆಗೆ ಹಚ್ಚಿ ಒರೆಸಬಹುದು. ಪೇಂಟಿನ ಅಂಗಡಿಯಲ್ಲಿ ಕೇಳಿದರೆ ಥಿನ್ನರ್ ಕೊಡುವುದುಂಟು. ನನ್ನ ಮಟ್ಟಿಗೆ ಅದನ್ನು ಕಾರಿನ ಹತ್ತಿರವೂ ತರಬಾರದು. ಅಪಘಾತವಾದ ಮೇಲೆ ಮರುಬಣ್ಣ ಕಂಡ ಬಾಗಿಲನ್ನು ಅದು ಮೆತ್ತಗಾಗಿಸಬಲ್ಲದು, ಹೆಡ್‌ಲೈಟಿನ ಪ್ಲಾಸ್ಟಿಕ್ಕನ್ನು ಮಸುಕು ಮಾಡುತ್ತದೆ. ಉಜ್ಜಿ ನುಣುಪು ಮಾಡುವ ರಬ್ಬಿಂಗ್ ಕಾಂಪೌಂಡ್ ಎಂಬ ಪೇಸ್ಟ್ ಕೂಡ ಕೊನೆಯ ದಾರಿ: ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿರುವ ಕ್ಲಿಯರ್ ಕೋಟನ್ನೇ ಅದು ಸವೆಸುತ್ತದೆ.

ಗಾಜಿನ ಮೇಲಿನ ಚುಕ್ಕೆಗಳನ್ನು ಒದ್ದೆ ಮಾಡಿ, ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ಕೆರೆಯಬಹುದು. ಹೆಡ್‌ಲೈಟಿಗೆ ಬ್ಲೇಡ್ ಸಲ್ಲದು. ಬಂಪರಿನ ಕಪ್ಪು ಪ್ಲಾಸ್ಟಿಕ್ ಭಾಗಕ್ಕೆ ಕ್ಲೇ ಮೆತ್ತಿಕೊಳ್ಳುವುದರಿಂದ ಅಲ್ಲಿ ಶ್ಯಾಂಪೂ ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ಕ್ಲೇ ಹಾಯಿಸಿದಲ್ಲಿ ಹಳೆಯ ವ್ಯಾಕ್ಸ್ ಪದರವೂ ಹೋಗಿರುತ್ತದೆ. ಸಣ್ಣ ಮಸುಕು ಕಂಡರೆ ಹಗುರವಾದ ಪಾಲಿಶ್ ಮಾಡಿ, ಅದೇ ದಿನ ಹೊಸ ವ್ಯಾಕ್ಸ್ ಹಚ್ಚಬೇಕು.