ಬುಧವಾರ ಕೊಂಡುಕೊಂಡ ಲೆಕ್ಕ

2023ರ ಕೊನೆಯಲ್ಲಿ ನಾನು ಮ್ಯಾನೇಜರ್ ಹತ್ತಿರ ಹೋಗಿ, ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡುತ್ತೇನೆ, ಸಂಬಳದಲ್ಲಿ ಐದನೇ ಒಂದು ಪಾಲು ಕಡಿಮೆ ಕೊಡಿ ಎಂದು ಕೇಳಿದೆ. ಟೀಮಿನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ಮೇಡಂ, ನಾಲ್ಕು ದಿನದ ಸಂಬಳ ಕೊಟ್ಟು ಐದು ದಿನದ ಕೆಲಸ ಮಾಡಿಸ್ಕೋತಾರೆ, ನೋಡ್ತಿರಿ" ಎಂದರು. ಬೇಗ ರಿಟೈರ್ ಆಗಬೇಕು ಎಂದು ನನ್ನ ಜೊತೆಯೇ ಲೆಕ್ಕ ಹಾಕುತ್ತಿದ್ದ ಗೆಳತಿಯರಂತೂ ಬೈದೇಬಿಟ್ಟರು. ನನಗೆ ರಜೆ ಬುಧವಾರ. ಈಗ ಅಂಥ ನೂರು ಬುಧವಾರ ದಾಟಿದೆ. ಬೈದವರಲ್ಲೇ ಇಬ್ಬರು ಮೊನ್ನೆ ಫೋನ್ ಮಾಡಿ, ಹೇಗೆ ಮಾಡಿದೆ ಹೇಳು ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಕೆಲಸ ಬಿಡಬಹುದು ಅನ್ನೋ ಲೆಕ್ಕ, ಷೇರುಪೇಟೆಯ ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್, ಬರೀ ಜೀವಕ್ಕೆ ವಿಮೆ ಕೊಡುವ ಟರ್ಮ್ ಪಾಲಿಸಿ ಎಲ್ಲ ನಿಮಗೆ ಗೊತ್ತೇ ಇದೆ. ನಾನು ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ಹೇಳುತ್ತೇನೆ.

ಶುರು ಮಾಡಿದ್ದು 2014ರಲ್ಲಿ. 45ಕ್ಕೆ ಕೆಲಸ ಬಿಡಬೇಕು ಎಂದು ಹಟ. ಕೈಗೆ ಬಂದದ್ದರಲ್ಲಿ ನೂರಕ್ಕೆ 65 ಉಳಿಸುತ್ತಿದ್ದೆ. ದಾವಣಗೆರೆಯಲ್ಲಿ ನಾದಿನಿಯ ಗೃಹಪ್ರವೇಶಕ್ಕೆ ಹೋಗಲಿಲ್ಲ. ಓಡಾಟ, ಉಡುಗೊರೆ ಸೇರಿ ಹತ್ತು ಸಾವಿರ ಆಗುತ್ತದೆ ಎಂದು ಆಫೀಸ್ ಕೆಲಸದ ನೆಪ ಹೇಳಿದೆ. ಅವಳು ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಆ ಹತ್ತು ಸಾವಿರ ಯಾವ ಫಂಡಿನಲ್ಲಿ ಎಷ್ಟು ಬೆಳೆಯಿತೋ ನನಗೆ ನೆನಪಿಲ್ಲ. ಅವಳು ಫೋನ್ ಎತ್ತದೇ ಇದ್ದದ್ದು ಚೆನ್ನಾಗಿ ನೆನಪಿದೆ.

ಅದೇ ಕಾಲದಲ್ಲಿ ಜಾಸ್ತಿ ಬರುತ್ತದೆ ಎಂಬ ಆಸೆಗೆ ಪರಿಚಯದವರ ಹತ್ತಿರ ಚೀಟಿ ಹಾಕಿದೆ. ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರು. 1.8 ಲಕ್ಷ ಹೋಯಿತು. ತೆರಿಗೆ ಉಳಿಸಲು ಮಾರ್ಚ್ ಕೊನೇ ವಾರ ಕಣ್ಣುಮುಚ್ಚಿ ಸಹಿ ಹಾಕಿದ್ದ ಎಂಡೋಮೆಂಟ್ ಪಾಲಿಸಿಯನ್ನು (ವಿಮೆ, ಉಳಿತಾಯ ಎರಡೂ ಸೇರಿದ್ದು) ಅವಧಿಗೆ ಮೊದಲೇ ಸರೆಂಡರ್ ಮಾಡಿದಾಗ, ಕಟ್ಟಿದ 3 ಲಕ್ಷದಲ್ಲಿ ಕೈಗೆ ಬಂದದ್ದು 1.7 ಲಕ್ಷದ ಹತ್ತಿರ.

ಆದರೆ ಇವತ್ತಿಗೂ ಹೊಟ್ಟೆ ಉರಿಯುವುದು 2020ರ ಮಾರ್ಚ್ ನೆನೆದರೆ. ನಾನಿರುವುದು ಪೇಮೆಂಟ್ ಸಾಫ್ಟ್‌ವೇರ್ ನೋಡಿಕೊಳ್ಳುವ ಟೀಮಿನಲ್ಲಿ. ಕೊರೊನಾ ಗಲಾಟೆ ಶುರುವಾದಾಗ ರಾತ್ರಿ ಎರಡು ಗಂಟೆಗೆ ಅಲರ್ಟ್, ನಾಲ್ಕಕ್ಕೆ ಮತ್ತೆ ಅಲರ್ಟ್. ಹತ್ತು ದಿನ ಸರಿಯಾಗಿ ನಿದ್ದೆ ಇಲ್ಲ. ಮಾರ್ಚ್ 23ರಂದು ಷೇರುಪೇಟೆಯ ಸೂಚ್ಯಂಕ ನಿಫ್ಟಿ 7,600ರ ಹತ್ತಿರ ಬಂತು. ಅವತ್ತು ರಾತ್ರಿಯೇ ತಿಂಗಳು ತಿಂಗಳು ತಾನಾಗಿ ಫಂಡಿಗೆ ಹೋಗುತ್ತಿದ್ದ 60 ಸಾವಿರದ ಎಸ್‌ಐಪಿ ನಿಲ್ಲಿಸಿದೆ. ಮತ್ತೆ ಶುರು ಮಾಡಿದ್ದು ನವೆಂಬರ್ ಕೊನೆಯಲ್ಲಿ, 13,000ದ ಆಸುಪಾಸಿನಲ್ಲಿ. ಆ ಎಂಟು ಕಂತು ಹಾಕಿದ್ದರೆ ಆ ನವೆಂಬರ್ ಹೊತ್ತಿಗೇ ಒಂದು ಲಕ್ಷಕ್ಕೂ ಜಾಸ್ತಿ ಲಾಭ ಇರುತ್ತಿತ್ತು. ಬಿದ್ದಾಗ ನಿಲ್ಲಿಸಬಾರದು ಎಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಬೇರೆಯವರಿಗೆ ನಾನೇ ಹೇಳುತ್ತಿದ್ದೆ. ನಿದ್ದೆಗೆಟ್ಟ ತಲೆಗೆ ಅದು ಹೊಳೆಯಲಿಲ್ಲ, ಅಷ್ಟೇ.

ಆಮೇಲೆ ಹಳೇ ಲೆಕ್ಕದ ಪುಸ್ತಕ ತೆಗೆದು ಕೂತೆ. ಚೀಟಿ, ಪಾಲಿಸಿ, ಎಸ್‌ಐಪಿ, ಮೂರೂ ತಪ್ಪು ನಡೆದದ್ದು ಕೆಲಸದ ಒತ್ತಡ ವಿಪರೀತ ಇದ್ದ ತಿಂಗಳುಗಳಲ್ಲೇ. ಹೊರಗಿನಿಂದ ಊಟ ತರಿಸಿದ ಬಿಲ್ ಜಾಸ್ತಿ ಇದ್ದದ್ದೂ ಅದೇ ತಿಂಗಳುಗಳಲ್ಲಿ. ಗುರಿ ಮುಟ್ಟಿದ ಮೇಲೆ ಆರಾಮ ಮಾಡೋಣ ಎಂದುಕೊಂಡಿದ್ದೆ. ಆರಾಮ ಇಲ್ಲದ್ದಕ್ಕೇ ಗುರಿ ದೂರ ಹೋಗುತ್ತಿತ್ತು.

2023ರಲ್ಲಿ ನನ್ನ ಹತ್ತಿರ ಪಿಎಫ್ ಸೇರಿ ಸುಮಾರು 1.3 ಕೋಟಿ ಇತ್ತು. ಮನೆ ಖರ್ಚು ತಿಂಗಳಿಗೆ 85 ಸಾವಿರ ಚಿಲ್ಲರೆ, ಅಂದರೆ ಬೇಕಾದದ್ದು 2.5 ಕೋಟಿಗೂ ಸ್ವಲ್ಪ ಜಾಸ್ತಿ. ಬೆಲೆ ಏರಿಕೆ ಸೇರಿಸಿದರೆ ತಿಂಗಳಿಗೆ ಒಂದು ಲಕ್ಷ ಉಳಿಸುತ್ತಾ ಇನ್ನೂ ಏಳೂವರೆ ವರ್ಷ. ಸಂಬಳ ಐದನೇ ಒಂದು ಪಾಲು ಬಿಟ್ಟರೆ? ಸಿಟಿಸಿಯಲ್ಲಿ, ಅಂದರೆ ಕಂಪನಿ ನನಗೆಂದು ಖರ್ಚು ಮಾಡುವ ಒಟ್ಟು ಮೊತ್ತದಲ್ಲಿ, ತಿಂಗಳಿಗೆ 56 ಸಾವಿರ ಹೋಗುತ್ತದೆ. ಆದರೆ 30 ಪರ್ಸೆಂಟ್ ತೆರಿಗೆ ಸ್ಲ್ಯಾಬಿನಲ್ಲಿರುವುದರಿಂದ ಕೈಗೆ ಬರುವುದರಲ್ಲಿ ಕಡಿಮೆಯಾಗುವುದು 38 ಸಾವಿರದಷ್ಟೇ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಏಳೂವರೆ ವರ್ಷ ಒಂಬತ್ತೂವರೆ ಆಗುತ್ತದೆ. ಎರಡು ವರ್ಷ ತಡ, ಬದಲಿಗೆ ಹೆಚ್ಚುಕಡಿಮೆ 450 ಬುಧವಾರ ಈಗಲೇ ಕೈಗೆ. ನಮ್ಮ ಮನೆಯವರು ಪಿಯು ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು. ಎರಡು ಸಲ ತಾಳೆ ನೋಡಿ, "ಕೇಳು, ಸುಮ್ನೆ ಯೋಚಿಸಬೇಡ" ಎಂದರು.

ಮೊದಲು ಸಿಕ್ಕಿದ್ದು ಶುಕ್ರವಾರ. ಅದು ಕೆಟ್ಟಿತು. ಗುರುವಾರ ರಾತ್ರಿಯ ಅಮೆರಿಕದ ಕಾಲ್ ಶುಕ್ರವಾರದ ಬೆಳಗನ್ನು ತಿನ್ನುತ್ತಿತ್ತು. ಮೂರು ದಿನ ಒಟ್ಟಿಗೆ ಸಿಗುತ್ತಲ್ವಾ ಎಂದು ಸಕಲೇಶಪುರ, ಮಡಿಕೇರಿ ಅಂತ ಹೊರಟು ತಿಂಗಳಿಗೆ ಹತ್ತು ಹನ್ನೊಂದು ಸಾವಿರ ಜಾಸ್ತಿ ಖರ್ಚು. ಸೋಮವಾರ ನೋಡಿದೆ, ಮಂಗಳವಾರದ ಮೇಲೆ ಎರಡು ದಿನದ ಮೀಟಿಂಗ್ ಬಿದ್ದವು. ಬುಧವಾರ ಮಾತ್ರ ಕೂತಿತು. ಒಂದು ದಿನ ಕಾದರೆ ನಾನು ಸಿಗುತ್ತೇನೆ ಎಂದು ಎಲ್ಲರಿಗೂ ಗೊತ್ತು. ಅವತ್ತು ಸಿಮ್ ಹಳೇ ಬಟನ್ ಫೋನಿಗೆ ಹಾಕುತ್ತೇನೆ. ಓಟಿಪಿ ಬರುತ್ತದೆ, ಮೇಲ್ ಬರುವುದಿಲ್ಲ.

ಮ್ಯಾನೇಜರ್‌ಗೆ ಕಳಿಸಿದ ಮೇಲ್‌ನಲ್ಲಿ ಏನು ಬರೆದೆ, ಹೈಕ್ ಕಡಿಮೆಯಾಗದ ಹಾಗೆ ಹೇಗೆ ನೋಡಿಕೊಂಡೆ, ಅದನ್ನು ಇಲ್ಲಿ ಹೇಳುವುದಿಲ್ಲ. ಕಳೆದ ಅಪ್ರೈಸಲ್‌ನಲ್ಲಿ ಟೀಮಿನ ಮೇಲಿನ ಮೂವರಲ್ಲಿ ನಾನೂ ಒಬ್ಬಳು, ಅಷ್ಟು ಹೇಳುತ್ತೇನೆ. ಕೇಳುವ ಮೊದಲು ಕಂಪನಿಯದ್ದಲ್ಲದೆ ಸ್ವಂತ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದೆ, ಎಂಟು ತಿಂಗಳ ಖರ್ಚು ಎಫ್‌ಡಿಯಲ್ಲಿಟ್ಟೆ. ಅದಿಲ್ಲದಿದ್ದರೆ ಕೇಳುವಾಗ ದನಿ ನಡುಗುತ್ತಿತ್ತು.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಮೂರು ತಿಂಗಳು ತರಕಾರಿ, ಹೂವು, ಹಣ್ಣಿಗೆ ಯುಪಿಐ ಬಿಟ್ಟು ಬರೀ ನೋಟು. ಸುಮಾರು 1,200 ರೂಪಾಯಿ ಕಡಿಮೆಯಾಯಿತು, ಆದರೆ ಚಿಲ್ಲರೆಗೆ ಒದ್ದಾಡಿ ಸಾಕಾಗಿ ಬಿಟ್ಟೆ. ಹೊರಗಿನ ಊಟ ಮಾತ್ರ ತಾನಾಗಿಯೇ 9 ಸಾವಿರದಿಂದ ಮೂರೂವರೆಗೆ ಇಳಿದಿದೆ.

ಕಳೆದ ಡಿಸೆಂಬರಿನ ಒಂದು ಬುಧವಾರ ಅತ್ತೆಯ ಜೊತೆ ಗಾಂಧಿಬಜಾರಿಗೆ ಹೋಗಿ ಸೊಗಡಿನ ಅವರೆಕಾಯಿ ತಂದೆ. ಸುಲಿದು ನೆನೆಹಾಕಿ, ಸಂಜೆ ಇಬ್ಬರೂ ನೆಲದ ಮೇಲೆ ಕೂತು ಹಿತುಕಿದೆವು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಿಗೆ ಅಂಟುತ್ತದೆ. ಒಂದೂವರೆ ಗಂಟೆಯ ಕೆಲಸ. ಮಗಳು ಸ್ಕೂಲಿನಿಂದ ಬಂದವಳು ಬ್ಯಾಗ್ ಬಿಸಾಕಿ ಮಧ್ಯೆ ಕೂತಳು. ನಾನು ಈ ಮನೆಗೆ ಬಂದ ಹದಿನಾರು ವರ್ಷದಲ್ಲಿ ಮೊದಲ ಸಲ ಅತ್ತೆ ತಮ್ಮ ಮದುವೆಯ ಕಥೆ ಪೂರ್ತಿ ಹೇಳಿದರು. ರಾತ್ರಿ ಅವರೆಬೇಳೆ ಸಾರಿನ ಊಟಕ್ಕೆ ನಾದಿನಿಯನ್ನೂ ಕರೆದಿದ್ದೆ. ಅವಳೀಗ ಜಯನಗರದಲ್ಲೇ ಇದ್ದಾಳೆ. ಎರಡು ಸಲ ಬಡಿಸಿಕೊಂಡಳು.